ಕೈಗಾ ಗುಮ್ಮಟ ಏಕೆ ಕಳಚಿತು?

ಅಪಾಯದ ಪ್ರಯೋಗಕ್ಕೆ ಕೈಹಾಕಿ, ಜೊತೆಗಾರರು ಬೇಡವೆಂದರೂ ಕೇಳದೆ, ಕೊನೆಗೆ ತನ್ನನ್ನೂ ಸುತ್ತಲಿನವರನ್ನೂ ಆಪತ್ತಿಗೆ ನೂಕುವ ಹುಂಬ ವಿಜ್ಞಾನಿಯ ಚಿತ್ರ ಸಿನಿಮಾ ಮತ್ತು ಕಾದಂಬರಿಗಳ ಮೂಲಕ ಜನಮನದಲ್ಲಿ ಗಟ್ಟಿಯಾಗಿ ನೆಲೆಯೂರಿದೆ. ಈ ಚಿತ್ರ ಪೂರ್ತಿ ಸುಳ್ಳಲ್ಲವಾದರೂ, ಸಾವಿರಾರು ಜನ ಸೇರಿ ಕಟ್ಟುವ ಬೃಹತ್ ಯೋಜನೆಗಳ ವಿಚಾರದಲ್ಲಿ ಅದು ದಾರಿ ತಪ್ಪಿಸುವ ಚಿತ್ರ. ಏಕೆಂದರೆ ಅಲ್ಲಿ ಎಚ್ಚರಿಕೆಯ ಮಾತು ಒಬ್ಬನ ಹಟಕ್ಕೆ ಬಲಿಯಾಗುವುದಕ್ಕಿಂತ ಒಂದು ಕಚೇರಿಯಿಂದ ಇನ್ನೊಂದು ಕಚೇರಿಗೆ ಹೋಗುವ ದಾರಿಯಲ್ಲಿ, ಯಾರದೂ ತಪ್ಪಿಲ್ಲವೆಂಬಂತೆ, ಕಡತದೊಳಗೆ ಸೇರಿಹೋಗುವುದೇ ಹೆಚ್ಚು. ಕರ್ನಾಟಕದ ಮಟ್ಟಿಗೆ ಇದಕ್ಕೆ ಎದ್ದು ಕಾಣುವ ನಿದರ್ಶನವೆಂದರೆ 1994ರ ಮೇ 13ರಂದು ಉತ್ತರ ಕನ್ನಡ ಜಿಲ್ಲೆಯ ಕೈಗಾದಲ್ಲಿ, ಇನ್ನೂ ಕಟ್ಟುತ್ತಿದ್ದ ಅಣುಸ್ಥಾವರದ ಮೊದಲ ಘಟಕದ ಒಳಗುಮ್ಮಟದಿಂದ ಸುಮಾರು 130 ಟನ್ ಕಾಂಕ್ರೀಟು ಕಳಚಿ ಕೆಳಗೆ ಬಿದ್ದ ಪ್ರಸಂಗ.

ಹುಂಬ ವಿಜ್ಞಾನಿಯೆಂಬ ಮಾತಿಗೆ ಅಕ್ಷರಶಃ ಹೊಂದುವ ವ್ಯಕ್ತಿಯನ್ನು ಹುಡುಕಿದರೆ ಮೊದಲು ಸಿಗುವ ಹೆಸರು ಕೆನಡಾ ಮೂಲದ ಭೌತವಿಜ್ಞಾನಿ ಲೂಯಿ ಸ್ಲಾಟಿನ್ ಅವರದು. ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯದಲ್ಲಿ ಅವರು ಮಾಡುತ್ತಿದ್ದ ಪ್ರಯೋಗದ ತಿರುಳು ಹೀಗಿತ್ತು: ಸುಮಾರು 6.2 ಕಿಲೋ ತೂಕದ ಪ್ಲುಟೋನಿಯಂ ಗೋಲವನ್ನು, ನ್ಯೂಟ್ರಾನ್ ಕಣಗಳನ್ನು ಹಿಂದಕ್ಕೆ ಚಿಮ್ಮಿಸುವ ಬೆರಿಲಿಯಂ ಲೋಹದ ಎರಡು ಅರೆಗೋಳಗಳ ನಡುವೆ ಇರಿಸಿ, ಮೇಲಿನ ಅರೆಗೋಳವನ್ನು ಕೆಳಗಿನದಕ್ಕೆ ಮೆಲ್ಲಗೆ ಹತ್ತಿರ ತರುತ್ತ, ಸರಪಣಿ ಕ್ರಿಯೆ ತಾನಾಗಿ ಮುಂದುವರಿಯಬಲ್ಲ ಹಂತ, ಅಂದರೆ ಕ್ರಾಂತಿಸ್ಥಿತಿ, ಎಷ್ಟು ದೂರದಲ್ಲಿದೆಯೆಂದು ಅಳೆಯುವುದು. ಎರಡು ಅರೆಗೋಳಗಳು ಪೂರ್ತಿ ಮುಚ್ಚಿಕೊಳ್ಳದಂತೆ ನಡುವೆ ಅಡ್ಡತುಂಡುಗಳನ್ನು ಇಡಬೇಕೆಂಬ ಕ್ರಮವಿದ್ದರೂ ಸ್ಲಾಟಿನ್ ಅವನ್ನು ತೆಗೆದು, ಒಂದು ಸಾಮಾನ್ಯ ಸ್ಕ್ರೂಡ್ರೈವರಿನ ತುದಿಯನ್ನು ಸಂದಿಗೆ ಒತ್ತಿ ಹಿಡಿದೇ ಕೆಲಸ ಮಾಡುತ್ತಿದ್ದರು. ಹೀಗೇ ಮುಂದುವರಿದರೆ ವರ್ಷದೊಳಗೆ ಪ್ರಾಣ ಹೋಗುತ್ತದೆಂದು ಎನ್ರಿಕೊ ಫರ್ಮಿ ಅವರೇ ಎಚ್ಚರಿಸಿದ್ದರೆಂದು ಹೇಳಲಾಗುತ್ತದೆ. ಅಲ್ಲದೆ ಇದೇ ಗೋಲದ ಮೇಲೆ ಕೆಲಸ ಮಾಡುತ್ತಿದ್ದ ಹ್ಯಾರಿ ಡಾಗ್ಲಿಯನ್ ಎಂಬ ಯುವ ವಿಜ್ಞಾನಿ 1945ರ ಆಗಸ್ಟಿನಲ್ಲಿ ಕೈಜಾರಿ ಗೋಲದ ಮೇಲೆ ಬಿದ್ದ, ನ್ಯೂಟ್ರಾನ್ ಹಿಂದಕ್ಕೆ ಚಿಮ್ಮಿಸುವ ಒಂದು ಇಟ್ಟಿಗೆಯ ಕಾರಣಕ್ಕೆ ವಿಕಿರಣಕ್ಕೆ ತುತ್ತಾಗಿ ಮರುತಿಂಗಳು ಸತ್ತಿದ್ದ ಸಂಗತಿ ಅವರ ಕಣ್ಣೆದುರಿಗೇ ಇತ್ತು. 1946ರ ಮೇ 21ರಂದು ಸ್ಕ್ರೂಡ್ರೈವರ್ ಜಾರಿತು, ಕೋಣೆಯಲ್ಲಿ ನೀಲಿ ಬೆಳಕು ಮಿಂಚಿತು, ಸ್ಲಾಟಿನ್ ಒಡನೆಯೇ ಮೇಲಿನ ಅರೆಗೋಳವನ್ನು ಕಿತ್ತೊಗೆದು ಉಳಿದ ಏಳು ಮಂದಿಯನ್ನು ಇನ್ನಷ್ಟು ವಿಕಿರಣದಿಂದ ಪಾರುಮಾಡಿದರಾದರೂ ಒಂಬತ್ತು ದಿನಗಳಲ್ಲಿ ತಾವು ತೀರಿಕೊಂಡರು. ಅಲ್ಲಿಂದಾಚೆಗೆ ಆ ಪ್ರಯೋಗಾಲಯದಲ್ಲಿ ಇಂಥ ಪ್ರಯೋಗವನ್ನು ಕೈಯಿಂದ ಮಾಡುವುದು ನಿಂತು, ದೂರದಿಂದ ಯಂತ್ರಗಳ ಮೂಲಕ ಮಾಡುವ ಪದ್ಧತಿ ಬಂತು.

ಸ್ಲಾಟಿನ್ ಪ್ರಕರಣದಲ್ಲಿ ತಪ್ಪು, ತಪ್ಪು ಮಾಡಿದ ಕೈ, ಅದರ ಫಲ ಮೂರೂ ಒಂದೇ ಮೇಜಿನ ಮೇಲಿದ್ದವು. ಚೆರ್ನೋಬಿಲ್‌ಗೆ ಬರುವ ಹೊತ್ತಿಗೆ ಲೆಕ್ಕ ಅಷ್ಟು ಸರಳವಾಗಿ ಉಳಿಯಲಿಲ್ಲ. ಅಲ್ಲಿನ ಅಣುಸ್ಥಾವರದಲ್ಲಿ 1986ರ ಏಪ್ರಿಲ್ 26ರಂದು ಆದ ಆಸ್ಫೋಟದ ಬಳಿಕ ಜಗತ್ತು ಹೊಣೆಯನ್ನು ಹೊರಿಸಿದ್ದು ಆ ರಾತ್ರಿ ನಡೆದಿದ್ದ ಸುರಕ್ಷಾ ಪರೀಕ್ಷೆಯ ಮೇಲ್ವಿಚಾರಣೆ ನಡೆಸಿದ್ದ ಉಪ ಮುಖ್ಯ ಎಂಜಿನಿಯರ್ ಅನಾಟೊಲಿ ಡ್ಯಾಟ್ಲೊವ್ ಅವರ ಮೇಲೆ. ನಿಗದಿಯಾಗಿದ್ದಕ್ಕಿಂತ ಬಹಳ ಕಡಿಮೆ ಶಕ್ತಿಯ ಮಟ್ಟದಲ್ಲಿ ಪರೀಕ್ಷೆ ಮುಂದುವರಿಸಿದ್ದಕ್ಕಾಗಿ ಅವರು ಹತ್ತು ವರ್ಷಗಳ ಶಿಕ್ಷೆಗೂ ಗುರಿಯಾದರು. ಆದರೆ ಅಂತರರಾಷ್ಟ್ರೀಯ ತಜ್ಞರ ಸಮಿತಿ 1992ರಲ್ಲಿ ತನ್ನ ಮೊದಲಿನ ತೀರ್ಮಾನವನ್ನು ತಿದ್ದಿ ಬರೆಯಬೇಕಾಯಿತು. ಸ್ಥಾವರವನ್ನು ತುರ್ತಾಗಿ ನಿಲ್ಲಿಸಲು ಒಳಗಿಳಿಸುವ ನಿಯಂತ್ರಣ ಸರಳುಗಳ ತುದಿಗೆ ಗ್ರಾಫೈಟ್ ಜೋಡಿಸಲಾಗಿದ್ದ ಕಾರಣ, ಕೆಲವು ಸಂದರ್ಭಗಳಲ್ಲಿ ಅವು ಇಳಿಯತೊಡಗಿದ ಮೊದಲ ಕ್ಷಣಗಳಲ್ಲಿ ಕ್ರಿಯೆಯನ್ನು ತಗ್ಗಿಸುವ ಬದಲು ಹೆಚ್ಚಿಸುತ್ತಿದ್ದವು. ಈ ವಿಚಿತ್ರ ನಡವಳಿಕೆ 1983ರಲ್ಲಿಯೇ ಲಿಥುವೇನಿಯಾದ ಇಗ್ನಾಲಿನಾ ಸ್ಥಾವರದ ಪರೀಕ್ಷೆಗಳಲ್ಲಿ ಕಂಡುಬಂದು ವರದಿಯಾಗಿತ್ತು. ಬ್ರೇಕು ಒತ್ತಿದರೆ ವೇಗ ಹೆಚ್ಚುವ ಯಂತ್ರವನ್ನು ವಿನ್ಯಾಸಕಾರರು ತಿಳಿದೂ ತಿದ್ದದೆ ಬಿಟ್ಟಿದ್ದರು, ಅದನ್ನು ನಡೆಸುವವರಿಗೆ ಆ ವಿಷಯ ತಲುಪಿರಲಿಲ್ಲ.

ಕೈಗಾದ ಪ್ರಕರಣವನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಕಾರವಾರ ತಾಲ್ಲೂಕಿನಲ್ಲಿ, ಕಾಳಿ ನದಿಗೆ ಕಟ್ಟಿದ ಕದ್ರಾ ಜಲಾಶಯದ ಅಂಚಿಗೆ, ಪಶ್ಚಿಮ ಘಟ್ಟದ ದಟ್ಟ ಕಾಡಿನ ನಡುವೆ ಅಣುವಿದ್ಯುತ್ ಸ್ಥಾವರ ಕಟ್ಟುವ ಯೋಜನೆಗೆ 1980ರ ದಶಕದಲ್ಲಿ ವ್ಯಾಪಕ ವಿರೋಧ ಎದ್ದಿತ್ತು. ಶಿವರಾಮ ಕಾರಂತರು ಇಳಿವಯಸ್ಸಿನಲ್ಲಿಯೂ ಈ ಚಳವಳಿಯ ಮುಂಚೂಣಿಗೆ ಬಂದು, 1989ರ ಲೋಕಸಭಾ ಚುನಾವಣೆಯಲ್ಲಿ ಉತ್ತರ ಕನ್ನಡದಿಂದ ಸ್ಪರ್ಧಿಸಿ ಸೋತರು. ಅದೇ ವರ್ಷ ಮೊದಲ ಘಟಕದ ನಿರ್ಮಾಣ ಆರಂಭವಾಯಿತು. ಕಾಡು, ನದಿ, ವಿಕಿರಣ, ಭೂಕಂಪ ಇವುಗಳ ಬಗ್ಗೆ ವಿರೋಧಿಗಳು ಎತ್ತಿದ ಪ್ರಶ್ನೆಗಳಿಗೆ ಅಣುಶಕ್ತಿ ಇಲಾಖೆಯ ಬಳಿ ಇದ್ದ ಮುಖ್ಯ ಉತ್ತರಗಳಲ್ಲಿ ಒಂದೆಂದರೆ ಎರಡು ಪದರದ ರಕ್ಷಾಕವಚ, ಅಂದರೆ ಅಣುಕುಲುಮೆಯನ್ನು ಪೂರ್ತಿಯಾಗಿ ಸುತ್ತುವರಿದು ನಿಲ್ಲುವ ಗುಮ್ಮಟಸಹಿತ ಕಾಂಕ್ರೀಟ್ ಕಟ್ಟಡ. ಒಳಗೆ ಕೊಳವೆ ಒಡೆದು ವಿಕಿರಣಶೀಲ ಹಬೆ ಹೊಮ್ಮಿದರೂ ಅದು ಊರಿನ ಗಾಳಿಗೆ ಸೇರದಂತೆ ತಡೆಯುವುದು ಇದರ ಕೆಲಸ. 1979ರಲ್ಲಿ ಅಮೆರಿಕದ ತ್ರೀ ಮೈಲ್ ಐಲೆಂಡ್ ಸ್ಥಾವರದ ಇಂಧನ ಕರಗಿದಾಗ ವಿಕಿರಣವಸ್ತುವಿನ ಬಹುಭಾಗ ಒಳಗೇ ಉಳಿದದ್ದು ಇಂಥ ಕವಚದಿಂದ. ಚೆರ್ನೋಬಿಲ್‌ನಲ್ಲಿ ಅಂಥ ಕವಚ ಇರಲಿಲ್ಲ. ಹೀಗೆ ಜನರಿಗೆ ಕೊಟ್ಟ ಭರವಸೆಯೆಲ್ಲ ಕೊನೆಗೆ ಯಾವ ಕಟ್ಟಡದ ಮೇಲೆ ನಿಂತಿತ್ತೋ ಅದೇ ಕಟ್ಟಡ, ಇಂಧನ ಒಳಗೆ ಬರುವ ಮೊದಲೇ, ತನ್ನ ಮೇಲೆ ತಾನೇ ಹೇರಿಕೊಂಡ ಬಲಕ್ಕೆ ಸೋತಿತು.

ಇದು ಹೇಗಾಯಿತೆಂದು ತಿಳಿಯಲು ಕಾಂಕ್ರೀಟಿನ ಸ್ವಭಾವವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕಾಗುತ್ತದೆ. ಸೇಡಂ, ವಾಡಿ, ಶಹಾಬಾದ್ ಸುತ್ತಿನ ಸುಣ್ಣಕಲ್ಲಿನ ಸೀಮೆಯಲ್ಲಿ, ಅದರಲ್ಲೂ ಆದಿತ್ಯನಗರದಂಥ ಸಿಮೆಂಟ್ ಕಾರ್ಖಾನೆಯ ಕಾಲೊನಿಗಳಲ್ಲಿ ಬದುಕುವವರಿಗೆ ಚೀಲದ ಮೇಲೆ ಅಚ್ಚಾಗುವ 43 ಮತ್ತು 53 ಎಂಬ ಅಂಕಿಗಳು ಚಿರಪರಿಚಿತ. ಸಿಮೆಂಟು ಮತ್ತು ಮರಳಿನ ಗಾರೆಯಿಂದ ಎರಕ ಹೊಯ್ದ ಪುಟ್ಟ ಘನಾಕೃತಿಗಳನ್ನು 28 ದಿನ ನೀರಿನಲ್ಲಿ ಹದಮಾಡಿ, ಕಾರ್ಖಾನೆಯ ಪ್ರಯೋಗಾಲಯದಲ್ಲಿ ಯಂತ್ರದ ನಡುವೆ ಇಟ್ಟು ಹಿಚುಕಿದಾಗ ಪ್ರತಿ ಚದರ ಮಿಲಿಮೀಟರಿಗೆ ಎಷ್ಟು ನ್ಯೂಟನ್ ಬಲವನ್ನು ಅವು ತಾಳಿಕೊಳ್ಳುತ್ತವೆಂಬುದೇ ಆ ಅಂಕಿಯ ಅರ್ಥ. ಗಮನಿಸಬೇಕಾದದ್ದೆಂದರೆ ಇದು ಹಿಚುಕುವ ಬಲದ, ಅಂದರೆ ಸಂಪೀಡನದ ಲೆಕ್ಕ ಮಾತ್ರ. ಎರಡು ಕಡೆಯಿಂದ ಎಳೆಯುವ ಬಲಕ್ಕೆ, ಅಂದರೆ ಕರ್ಷಣಕ್ಕೆ, ಕಾಂಕ್ರೀಟು ತಾಳುವುದು ಅದರ ಸುಮಾರು ಹತ್ತನೇ ಒಂದು ಪಾಲನ್ನಷ್ಟೇ, ಆ ಅಂಕಿಯನ್ನು ಚೀಲದ ಮೇಲೆ ಯಾರೂ ಅಚ್ಚು ಹಾಕುವುದಿಲ್ಲ.

ಈ ದೌರ್ಬಲ್ಯವನ್ನು ನೀಗಿಸಲು ಕಂಡುಕೊಂಡ ಉಪಾಯವೇ ಪೂರ್ವಪ್ರತಿಬಲ. ಕಾಂಕ್ರೀಟು ಹಾಕುವಾಗಲೇ ಅದರೊಳಗೆ ಕೊಳವೆಗಳನ್ನು ಹುದುಗಿಸಿ, ಅದು ಗಟ್ಟಿಯಾದ ಮೇಲೆ ಆ ಕೊಳವೆಗಳಲ್ಲಿ ಅತಿ ಬಲವಾದ ಉಕ್ಕಿನ ಎಳೆಗಳ ಕೇಬಲುಗಳನ್ನು ಜಾಕುಗಳಿಂದ ಎಳೆದು ಬಿಗಿದು ತುದಿಗಳನ್ನು ಕಚ್ಚಿಸಿಬಿಟ್ಟರೆ, ಇಡೀ ಕಟ್ಟಡ ಸದಾಕಾಲ ಹಿಚುಕಿದ ಸ್ಥಿತಿಯಲ್ಲಿಯೇ ಇರುತ್ತದೆ. ಮುಂದೆ ಅಪಘಾತವಾಗಿ ಒಳಗಿನ ಹಬೆ ಗುಮ್ಮಟವನ್ನು ಹೊರಕ್ಕೆ ನೂಕಿದರೂ ಮೊದಲು ಆ ಹಿಚುಕು ಸಡಿಲವಾಗಬೇಕೇ ಹೊರತು ಕಾಂಕ್ರೀಟು ಬಿರುಕು ಬಿಡುವುದಿಲ್ಲ. ಸೇತುವೆಯ ನೇರ ತೊಲೆಯಲ್ಲಿ ಈ ಉಪಾಯ ಬಹುಮಟ್ಟಿಗೆ ನಿರಪಾಯಕಾರಿ. ಗುಮ್ಮಟದಲ್ಲಿ ಮಾತ್ರ ಒಂದು ತೊಡಕಿದೆ. ಬಾಗಿದ ಹಾದಿಯಲ್ಲಿ ಹಾಯುವ ಕೇಬಲನ್ನು ಎರಡು ತುದಿಗಳಿಂದ ಎಳೆದಾಗ ಅದು ನೇರವಾಗಲು ಹವಣಿಸಿ ತನ್ನ ಕೆಳಗಿನ ಕಾಂಕ್ರೀಟನ್ನು ಒಳಮುಖವಾಗಿ ಒತ್ತುತ್ತದೆ. ಅದೇ ವೇಳೆಗೆ ಕೇಬಲಿನ ಮೇಲಿರುವ ಕಾಂಕ್ರೀಟು ಅಂಚುಗಳಿಂದ ಹಿಚುಕಲ್ಪಟ್ಟು ಹೊರಮುಖವಾಗಿ ಉಬ್ಬಲು ನೋಡುತ್ತದೆ. ಒಂದು ಪಾಲು ಕೆಳಕ್ಕೆ, ಇನ್ನೊಂದು ಪಾಲು ಮೇಲಕ್ಕೆ ಸೆಳೆಯುವುದರಿಂದ ಗುಮ್ಮಟದ ದಪ್ಪದ ನಟ್ಟನಡುವೆ, ಕೇಬಲುಗಳ ಮಟ್ಟದಲ್ಲಿಯೇ, ಅದನ್ನು ಎರಡು ಹಾಳೆಗಳಾಗಿ ಸೀಳುವ ಎಳೆತ ಹುಟ್ಟುತ್ತದೆ. ಎಂಜಿನಿಯರುಗಳು ಇದನ್ನು ತ್ರಿಜ್ಯೀಯ ಕರ್ಷಣವೆಂದು ಕರೆಯುತ್ತಾರೆ. ಶಹಾಬಾದ್ ಮತ್ತು ಚಿತ್ತಾಪುರದ ಗಣಿಗಳಲ್ಲಿ ಹಾಸುಗಲ್ಲು ಎಬ್ಬಿಸುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಮೇಲೆ ಎಷ್ಟೇ ಭಾರ ಹೇರಿದರೂ ಜಗ್ಗದ ಬಂಡೆ, ಪದರಗಳ ಸಂದಿಗೆ ಉಳಿಯಿಟ್ಟು ನಾಲ್ಕು ಪೆಟ್ಟು ಹಾಕಿದರೆ ಬಿಟ್ಟುಕೊಳ್ಳುತ್ತದೆ.

ಕೈಗಾದ ಒಳಗುಮ್ಮಟದ ದಪ್ಪ ಸುಮಾರು 340 ಮಿಲಿಮೀಟರು, ಅಂದರೆ ಒಂದು ಅಡಿಗಿಂತ ತುಸು ಹೆಚ್ಚು. ಅಷ್ಟರ ನಡುವೆ ಕೇಬಲಿನ ಕೊಳವೆಗಳು ಒಂದರ ಪಕ್ಕ ಒಂದರಂತೆ ಹಾಯುವುದರಿಂದ, ಸೀಳುವ ಎಳೆತ ಎಲ್ಲಿ ಹೆಚ್ಚೋ ಅಲ್ಲಿಯೇ ಅದನ್ನು ತಡೆಯಬೇಕಾದ ಗಟ್ಟಿ ಕಾಂಕ್ರೀಟು ಕಡಿಮೆ. ಸಾಲದೆಂಬಂತೆ, ಹಬೆ ಉತ್ಪಾದಕ ಯಂತ್ರಗಳಿಗಾಗಿ ಗುಮ್ಮಟದಲ್ಲಿ ದೊಡ್ಡ ತೆರಪುಗಳನ್ನು ಬಿಟ್ಟಿದ್ದರಿಂದ ಕೇಬಲುಗಳು ಅವುಗಳನ್ನು ಬಳಸಿಕೊಂಡು ಹೋಗಬೇಕಾಗಿ, ಆ ಜಾಗಗಳಲ್ಲಿ ದಟ್ಟಣೆಯೂ ಹೆಚ್ಚಿ ತಿರುವೂ ಬಿಗಿಯಾಯಿತು. ತಿರುವು ಬಿಗಿಯಾದಷ್ಟೂ ಕೇಬಲು ಕಾಂಕ್ರೀಟನ್ನು ಒತ್ತುವ ಬಲ ಏರುತ್ತದೆ. ಇದಕ್ಕೆ ಪರಿಹಾರ ಕಷ್ಟದ್ದೇನೂ ಅಲ್ಲ. ಗುಮ್ಮಟದ ದಪ್ಪಕ್ಕೆ ಅಡ್ಡಲಾಗಿ, ಎರಡು ಹಾಳೆಗಳನ್ನು ಹೊಲಿದು ಹಿಡಿದಂತೆ, ಉಕ್ಕಿನ ಕಂಬಿಗಳನ್ನು ಕೂರಿಸಿದರೆ ಎಳೆತವನ್ನು ಕಾಂಕ್ರೀಟಿನ ಬದಲು ಉಕ್ಕು ಹೊರುತ್ತದೆ. ಆ ಕಂಬಿಗಳು ಬೇಕಾದಷ್ಟು ಇರಲಿಲ್ಲ, ಏಕೆಂದರೆ ವಿನ್ಯಾಸದ ಲೆಕ್ಕದಲ್ಲಿ ತ್ರಿಜ್ಯೀಯ ಕರ್ಷಣಕ್ಕೆ ತಕ್ಕ ಗಮನವೇ ಸಿಕ್ಕಿರಲಿಲ್ಲ.

ಮೇ 13ರಂದು, ಕೇಬಲು ಬಿಗಿಯುವ ಹಂತದಲ್ಲಿದ್ದ ಗುಮ್ಮಟದ ಕೆಳಪದರ ಬೇರ್ಪಟ್ಟು ಸುಮಾರು 30 ಮೀಟರ್ ಎತ್ತರದಿಂದ ಕುಸಿಯಿತು. ಹದಿನಾಲ್ಕು ಮಂದಿ ಕಾರ್ಮಿಕರು ಗಾಯಗೊಂಡರು. ಇಂಧನ ಇನ್ನೂ ತುಂಬಿರಲಿಲ್ಲವಾದ್ದರಿಂದ ವಿಕಿರಣದ ಮಾತು ಬರಲಿಲ್ಲ. ಇದು ನಿರ್ಮಾಣ ಹಂತದ ಅವಘಡವೆಂಬ ಇಲಾಖೆಯ ನಿಲುವು ಅಷ್ಟರಮಟ್ಟಿಗೆ ಸರಿಯಾದದ್ದೇ. ಆದರೆ ಆ ಕಾಂಕ್ರೀಟು ಅಂದು ಬೀಳದೆ, ಸ್ಥಾವರ ಚಾಲೂ ಆದ ಮೇಲೆ ಬಿದ್ದಿದ್ದರೆ ಕೆಳಗಿರುತ್ತಿದ್ದದ್ದು ನಿಯಂತ್ರಣ ಸರಳುಗಳ ಯಂತ್ರಭಾಗಗಳು ಮತ್ತು ಕುಲುಮೆಯನ್ನು ತಂಪಾಗಿಡುವ ಕೊಳವೆಗಳು.

ಇಷ್ಟಕ್ಕೂ ಗುಮ್ಮಟ ಹೀಗೆ ಪದರ ಬಿಟ್ಟದ್ದು ಜಗತ್ತಿನಲ್ಲಿ ಅದೇ ಮೊದಲಲ್ಲ. ಅಮೆರಿಕದ ಫ್ಲಾರಿಡಾ ರಾಜ್ಯದ ಟರ್ಕಿ ಪಾಯಿಂಟ್ ಸ್ಥಾವರದಲ್ಲಿ 1970ರಲ್ಲಿಯೂ ಅದೇ ರಾಜ್ಯದ ಕ್ರಿಸ್ಟಲ್ ರಿವರ್ ಸ್ಥಾವರದಲ್ಲಿ 1976ರಲ್ಲಿಯೂ ಪೂರ್ವಪ್ರತಿಬಲದ ಗುಮ್ಮಟಗಳು ಇದೇ ಬಗೆಯಲ್ಲಿ ಒಳಗೊಳಗೇ ಸೀಳಿದ್ದವು. ಎರಡರ ತನಿಖೆಯಲ್ಲಿಯೂ ತ್ರಿಜ್ಯೀಯ ಕರ್ಷಣದ ಪಾತ್ರ ಚರ್ಚೆಗೆ ಬಂದು, ತಾಂತ್ರಿಕ ಸಾಹಿತ್ಯದಲ್ಲಿ ದಾಖಲಾಗಿತ್ತು. ಕೈಗಾದಲ್ಲಿ ಮೊದಲ ಕಾಂಕ್ರೀಟು ಹಾಕುವ ಹೊತ್ತಿಗೆ ಈ ದಾಖಲೆಗಳಿಗೆ ಹತ್ತು ವರ್ಷಕ್ಕೂ ಮಿಕ್ಕಿ ವಯಸ್ಸಾಗಿತ್ತು. ಎಚ್ಚರಿಕೆಯೆಂದರೆ ಯಾರೋ ಬಂದು ಮೇಜು ಕುಟ್ಟಿ ಹೇಳುವ ಮಾತೇ ಆಗಬೇಕಿಲ್ಲ. ಬೇರೆಯವರ ಸೋಲಿನ ವರದಿಯೂ ಎಚ್ಚರಿಕೆಯೇ, ಅದನ್ನು ಹುಡುಕಿ ಓದುವುದು ಇಂಥ ಕಟ್ಟಡ ಕಟ್ಟುವವರ ಕೆಲಸದ ಒಂದು ಭಾಗ. (ಓದಿದವರೆಲ್ಲ ಪಾರಾಗುತ್ತಾರೆಂದೂ ಅಲ್ಲ. ಒಮ್ಮೆ ಪಾಠ ಕಲಿತಿದ್ದ ಕ್ರಿಸ್ಟಲ್ ರಿವರ್‌ನಲ್ಲಿಯೇ 2009ರಲ್ಲಿ, ಹಬೆ ಉತ್ಪಾದಕಗಳನ್ನು ಬದಲಿಸಲು ಕವಚದ ಗೋಡೆಯನ್ನು ಕೊರೆದಾಗ ಗೋಡೆ ಪದರ ಬಿಟ್ಟಿತು, ರಿಪೇರಿಗೆ ಹೋದಾಗ ಇನ್ನಷ್ಟು ಬಿಟ್ಟಿತು, ಕೊನೆಗೆ 2013ರಲ್ಲಿ ಮಾಲೀಕ ಕಂಪನಿ ಸ್ಥಾವರವನ್ನೇ ಮುಚ್ಚುವ ತೀರ್ಮಾನಕ್ಕೆ ಬಂತು.)

ಹಾಗಾದರೆ ಕೈಗಾದ ಹುಂಬ ವಿಜ್ಞಾನಿ ಯಾರು? ಆ ಕಾಲಕ್ಕೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಅಧ್ಯಕ್ಷರಾಗಿದ್ದ ಎ. ಗೋಪಾಲಕೃಷ್ಣನ್ ಅವರು ಅಧಿಕಾರದಿಂದ ಇಳಿದ ಮೇಲೆ ಬರೆದ ಲೇಖನಗಳು ಈ ಪ್ರಶ್ನೆಗೆ ಕೊಡುವ ಉತ್ತರದಲ್ಲಿ ಯಾವೊಬ್ಬ ವ್ಯಕ್ತಿಯೂ ಕಾಣುವುದಿಲ್ಲ. ಅವರ ಆರೋಪದ ಸಾರವಿಷ್ಟು: ಸ್ಥಾವರ ಕಟ್ಟುವ ಪರಮಾಣು ವಿದ್ಯುತ್ ನಿಗಮದ ಹಿರಿಯ ಸಿವಿಲ್ ಎಂಜಿನಿಯರುಗಳಿಗೂ ವಿನ್ಯಾಸ ಒದಗಿಸುತ್ತಿದ್ದ ಖಾಸಗಿ ಸಲಹಾ ಸಂಸ್ಥೆಗೂ ನಡುವೆ ವರ್ಷಗಳ ಸಲಿಗೆ ಬೆಳೆದಿದ್ದು, ಆ ಸಲಿಗೆಯಲ್ಲಿ ಕೈಗೆ ಬಂದ ನಕ್ಷೆಗಳನ್ನು ಸ್ವತಂತ್ರವಾಗಿ ಲೆಕ್ಕ ಹಾಕಿ ನೋಡುವ ಕೆಲಸ ಸಡಿಲವಾಗಿತ್ತು. ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ನೋಡಿರುತ್ತಾರೆ, ಅವರು ನೋಡಿದ್ದನ್ನು ಮಂಡಳಿ ನೋಡಿರುತ್ತದೆ ಎಂಬ ನಂಬಿಕೆಯ ಮೇಲೆ ಸಹಿಗಳು ಬಿದ್ದಿರಬೇಕು. ಇಂಥಲ್ಲಿ ಪ್ರತಿಯೊಬ್ಬನೂ ತನ್ನ ಮಟ್ಟಿಗೆ ಪ್ರಾಮಾಣಿಕನಾಗಿಯೇ ಇರಬಹುದು, ಅದರಿಂದ ಒಟ್ಟು ಫಲವೇನೂ ಬದಲಾಗುವುದಿಲ್ಲ.

ಕೈಗಾಕ್ಕೆ ಒಂದು ವರ್ಷ ಹಿಂದೆ ಇದೇ ನಿಗಮದ ಇನ್ನೊಂದು ಸ್ಥಾವರದಲ್ಲಿ ನಡೆದದ್ದು ಇನ್ನೂ ಕಠೋರವಾದದ್ದು, ಅಲ್ಲಿ ಎಚ್ಚರಿಕೆ ಕಾಗದದ ರೂಪದಲ್ಲಿಯೇ ಬಂದಿತ್ತು. ಉತ್ತರ ಪ್ರದೇಶದ ನರೋರಾದಲ್ಲಿ ಬಳಸಿದ್ದ ಬಗೆಯ ಟರ್ಬೈನುಗಳ ಅಲಗುಗಳು ಬೇರೆ ದೇಶಗಳಲ್ಲಿ ಬಿರುಕು ಬಿಟ್ಟದ್ದನ್ನು ಕಂಡ ಮೂಲ ವಿನ್ಯಾಸದ ಕಂಪನಿ, 1989ರಲ್ಲಿ ಅದನ್ನು ಭಾರತ್ ಹೆವಿ ಎಲೆಕ್ಟ್ರಿಕಲ್ಸ್‌ಗೆ ತಿಳಿಸಿ ವಿನ್ಯಾಸ ಬದಲಿಸಲು ಸೂಚಿಸಿತ್ತೆಂದೂ, ಅಲ್ಲಿಂದ ನಿಗಮಕ್ಕೆ ಮಾಹಿತಿ ಹೋಗಿದ್ದರೂ ಅಪಘಾತವಾಗುವ ತನಕ ಕ್ರಮ ಜರುಗಲಿಲ್ಲವೆಂದೂ ಗೋಪಾಲಕೃಷ್ಣನ್ ದಾಖಲಿಸಿದ್ದಾರೆ. 1993ರ ಮಾರ್ಚ್ 31ರ ನಸುಕಿನಲ್ಲಿ ಎರಡು ಅಲಗುಗಳು ತುಂಡಾಗಿ, ಟರ್ಬೈನು ಅದುರಿ, ಜನರೇಟರನ್ನು ತಂಪಾಗಿಡುವ ಹೈಡ್ರೋಜನ್ ಅನಿಲ ಸೋರಿ ಬೆಂಕಿ ಹೊತ್ತಿಕೊಂಡಿತು. ಮುಖ್ಯ ವಿದ್ಯುತ್ತಿನ ಕೇಬಲನ್ನೂ ತುರ್ತು ವಿದ್ಯುತ್ತಿನ ಕೇಬಲನ್ನೂ ಜೊತೆಜೊತೆಗೆ ಹಾಯಿಸಿದ್ದ ಕಾರಣ ಎರಡೂ ಸುಟ್ಟು, ಸ್ಥಾವರ 17 ಗಂಟೆಗಳ ಕಾಲ ಕತ್ತಲಲ್ಲಿ ಮುಳುಗಿತು. ಹೊಗೆ ತುಂಬಿ ನಿಯಂತ್ರಣ ಕೊಠಡಿಯನ್ನೇ ಬಿಟ್ಟು ಹೊರಬರಬೇಕಾಯಿತು. ಕೆಲವು ಸಿಬ್ಬಂದಿ ಬ್ಯಾಟರಿ ದೀಪ ಹಿಡಿದು ಕುಲುಮೆಯ ಕಟ್ಟಡದ ಮೇಲೇರಿ, ಸರಪಣಿ ಕ್ರಿಯೆ ಮರುಕಳಿಸದಂತೆ ತಡೆಯುವ ಬೋರಾನ್ ದ್ರಾವಣವನ್ನು ಕೈಯಿಂದಲೇ ಕವಾಟ ತಿರುಗಿಸಿ ಕೆಳಗೆ ಬಿಟ್ಟರು, ಡೀಸೆಲ್ ಪಂಪುಗಳಿಂದ ಬೆಂಕಿ ಆರಿಸುವ ನೀರನ್ನೇ ಹಾಯಿಸಿ ಕುಲುಮೆಯನ್ನು ತಂಪಾಗಿಟ್ಟರು. ದೇಶ ಆ ರಾತ್ರಿ ಪಾರಾದದ್ದು ಅವರ ಧೈರ್ಯದಿಂದ, ನಾಲ್ಕು ವರ್ಷ ಹಳೆಯ ಸೂಚನೆಯೊಂದನ್ನು ಯಾರಾದರೂ ಜಾರಿಗೆ ತಂದಿದ್ದರೆ ಆ ಧೈರ್ಯದ ಅಗತ್ಯವೇ ಬೀಳುತ್ತಿರಲಿಲ್ಲ.

ಕೈಗಾದಲ್ಲಿ ಕುಸಿತದ ನಂತರ ನಡೆದ ಕೆಲಸ ಅಚ್ಚುಕಟ್ಟಾದದ್ದು ಎಂಬುದನ್ನು ಒಪ್ಪಬೇಕು. ನಿಗಮವೂ ಮಂಡಳಿಯೂ ಬೇರೆ ಬೇರೆ ಸಮಿತಿಗಳಿಂದ ತನಿಖೆ ಮಾಡಿಸಿದವು. ಗುಮ್ಮಟದ ವಿನ್ಯಾಸವನ್ನು ಮೊದಲಿನಿಂದ ಮಾಡಿ, ಪದರಗಳನ್ನು ಹಿಡಿದಿಡುವ ಅಡ್ಡ ಕಂಬಿಗಳನ್ನು ಸೇರಿಸಿ, ಸಿಲಿಕಾ ಫ್ಯೂಮ್ ಎಂಬ ಅತಿ ನುಣ್ಣನೆಯ ಪುಡಿ ಬೆರೆಸಿದ, 28 ದಿನಕ್ಕೆ ಪ್ರತಿ ಚದರ ಮಿಲಿಮೀಟರಿಗೆ 60 ನ್ಯೂಟನ್ ತಾಳುವ ಉನ್ನತ ದರ್ಜೆಯ ಕಾಂಕ್ರೀಟಿನಿಂದ ಅದನ್ನು ಮತ್ತೆ ಕಟ್ಟಲಾಯಿತು. ಇದೇ ಮಾದರಿಯಲ್ಲಿ ಏಳುತ್ತಿದ್ದ ಕೈಗಾದ ಎರಡನೆಯ ಘಟಕಕ್ಕೂ ರಾಜಸ್ಥಾನದ ರಾವತ್‌ಭಾಟಾದ ಎರಡು ಘಟಕಗಳಿಗೂ ಬದಲಾದ ವಿನ್ಯಾಸವೇ ಅನ್ವಯವಾಯಿತು. ಕೈಗಾದ ಎರಡೂ ಘಟಕಗಳು ವಾಣಿಜ್ಯ ಉತ್ಪಾದನೆಗೆ ಬಂದದ್ದು 2000ದಲ್ಲಿ. ಅಂದು ಗುಮ್ಮಟ ಕಳಚಿದ ಅದೇ ಮೊದಲ ಘಟಕ ಮುಂದೆ 962 ದಿನ ಎಡೆಬಿಡದೆ ಓಡಿ ವಿಶ್ವದಾಖಲೆ ಮಾಡಿತು, ಆ ಓಟ ಶುರುವಾದದ್ದು ಕಾಕತಾಳೀಯವಾಗಿ 2016ರ ಮೇ 13ರಂದು.

ಯಂತ್ರ ರಿಪೇರಿಯಾದಷ್ಟು ಬೇಗ ವ್ಯವಸ್ಥೆ ರಿಪೇರಿಯಾಗಲಿಲ್ಲ. 1983ರಲ್ಲಿ ಹುಟ್ಟಿದ ನಿಯಂತ್ರಣ ಮಂಡಳಿ ವರದಿ ಒಪ್ಪಿಸಬೇಕಾಗಿದ್ದದ್ದು ಪರಮಾಣು ಶಕ್ತಿ ಆಯೋಗಕ್ಕೆ. ಆ ಆಯೋಗದ ಅಧ್ಯಕ್ಷರೇ ಸ್ಥಾವರಗಳ ಹೊಣೆ ಹೊತ್ತ ಅಣುಶಕ್ತಿ ಇಲಾಖೆಯ ಕಾರ್ಯದರ್ಶಿ. ಗೋಪಾಲಕೃಷ್ಣನ್ ಅವರ ಅವಧಿಯಲ್ಲಿ, 1995ರಲ್ಲಿ, ಮಂಡಳಿ ಇಲಾಖೆಯ ಸ್ಥಾವರಗಳಲ್ಲಿರುವ ನೂರಕ್ಕೂ ಮಿಕ್ಕ ಸುರಕ್ಷಾ ಕೊರತೆಗಳ ಪಟ್ಟಿ ಮಾಡಿತು, ಅದು ಬಹಿರಂಗಕ್ಕೆ ಬರಲಿಲ್ಲ. ಫುಕುಶಿಮಾ ದುರಂತದ ಬಳಿಕ, 2011ರಲ್ಲಿ, ಸ್ವತಂತ್ರ ಪ್ರಾಧಿಕಾರ ಸ್ಥಾಪಿಸುವ ಮಸೂದೆಯೊಂದು ಸಂಸತ್ತಿಗೆ ಬಂದು, 2014ರಲ್ಲಿ ಲೋಕಸಭೆಯ ಅವಧಿಯೊಂದಿಗೆ ಬಿದ್ದುಹೋಯಿತು.

ಮೊದಲ ಘಟಕದ ವಿಶ್ವದಾಖಲೆಯ ಸುದ್ದಿ ಪತ್ರಿಕೆಗಳಲ್ಲಿ ಬಂದ 2018ರ ಡಿಸೆಂಬರಿನಲ್ಲಿಯೇ, ಕೈಗಾದ ತಲಾ 700 ಮೆಗಾವಾಟಿನ ಐದನೆಯ ಮತ್ತು ಆರನೆಯ ಘಟಕಗಳಿಗಾಗಿ ಸ್ಥಾವರಕ್ಕೆ ಹತ್ತಿರದ ಮಲ್ಲಾಪುರದಲ್ಲಿ ಸಾರ್ವಜನಿಕ ಅಹವಾಲು ಸಭೆ ನಡೆದು, ಸುತ್ತಲಿನ ಊರಿನವರು ಆರೋಗ್ಯ, ಕಾಡು, ನದಿ ಕುರಿತ ತಮ್ಮ ಹಳೆಯ ಆತಂಕಗಳನ್ನು ಮತ್ತೆ ಮುಂದಿಟ್ಟರು. ಪರಿಸರ ಕಾಯಿದೆಯಡಿ ನಡೆಯುವ ಇಂಥ ಸಭೆಯಲ್ಲಿ ಗುಮ್ಮಟದ ಕಂಬಿ ಎಷ್ಟು, ಕೇಬಲಿನ ತಿರುವು ಎಷ್ಟು, ಆ ಲೆಕ್ಕವನ್ನು ಎರಡನೆಯ ಸಲ ಹಾಕಿ ನೋಡಿದವರು ಯಾರು ಎಂಬ ಪ್ರಶ್ನೆಗಳಿಗೆ ಜಾಗವಿಲ್ಲ. ಅವು ನಿಯಂತ್ರಣ ಮಂಡಳಿಯ ವ್ಯಾಪ್ತಿಗೆ ಸೇರಿದವು, ಆ ಪರಿಶೀಲನೆ ನಡೆಯುವುದು ಮುಂಬೈಯ ಕಚೇರಿಯಲ್ಲಿ.